ಗಾಳಿಯೊಳಗಿನ ಎಂಟು ಕೊಡ ನೀರು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)





"ನೀವು ಮಾಡಿದ ಕೆಲಸದ ಬಗ್ಗೆ ಮಕ್ಕಳಿಗೆ ತಿಳಿಯುವ ಹಾಗೆ ಇಪ್ಪತ್ತು ನಿಮಿಷ ಮಾತಾಡ್ರಿ" ಎಂದು ಸಂಘಟಕರು ಹೇಳಿದರು. ನಾನು ದುಡಿದದ್ದು ಕಾರ್ಖಾನೆಗಳ ಕಂಪ್ರೆಸರ್ ಮನೆಗಳಲ್ಲಿ. ಗಾಳಿಯನ್ನು ಒತ್ತಿ ತುಂಬುವುದು, ಆ ಗಾಳಿಯೊಳಗಿನ ನೀರನ್ನು ತೆಗೆಯುವುದು, ಇದೇ ನನ್ನ ಕೆಲಸ. ಆದಿಕವಿ ಪಂಪನ ಹೆಸರನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ಅಣ್ಣಿಗೇರಿಯಲ್ಲಿ ಕಂಪ್ರೆಸರಿನ ಮಾತು ಏಕೆ ಎಂದು ಕೆಲವರಿಗೆ ಅನಿಸಬಹುದು. ಆದರೆ ಈ ಶಾಲೆಯಿಂದ ಹೊರಬಿದ್ದ ನೂರಾರು ಹುಡುಗರು ಐಟಿಐ ಮುಗಿಸಿ ಹುಬ್ಬಳ್ಳಿ, ಧಾರವಾಡ, ಬೆಂಗಳೂರು, ಪುಣೆಯ ಕಾರ್ಖಾನೆಗಳಿಗೆ ಹೋಗಿದ್ದಾರೆ. ಅವರ ಅನ್ನದ ಮಾತು ಇದು. ಹಾಗಾಗಿ ಸಂಕೋಚ ಬಿಟ್ಟು ಹೇಳುತ್ತೇನೆ.

ಒತ್ತಿ ತುಂಬಿದ ಗಾಳಿ ನಿಮಗೆ ಹೊಸದಲ್ಲ. ಬಸ್‌ಸ್ಟ್ಯಾಂಡ್ ಹತ್ತಿರದ ಪಂಕ್ಚರ್ ಅಂಗಡಿಯಲ್ಲಿ ಅದನ್ನು ನೋಡಿದ್ದೀರಿ. ಹುಬ್ಬಳ್ಳಿ–ಗದಗ ಬಸ್ಸಿನ ಬ್ರೇಕು ಹಿಡಿಯುವುದು ಗಾಳಿಯಿಂದ. ನಮ್ಮ ಸ್ಟೇಶನ್ನಿನ ಮೇಲೆ ಹಾದುಹೋಗುವ ರೈಲಿನ ಬ್ರೇಕು ಕೂಡ ಗಾಳಿಯದೇ. ಎಂಜಿನ್ನಿನಿಂದ ಕೊನೆಯ ಡಬ್ಬಿಯವರೆಗೆ ಒಂದು ಕೊಳವೆ ಹೋಗುತ್ತದೆ; ಅದರಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ 5 ಕೆ.ಜಿ. ಒತ್ತಡದ ಗಾಳಿ ತುಂಬಿರುತ್ತದೆ. ಆ ಒತ್ತಡ ಇಳಿದರೆ ಬ್ರೇಕು ಹಿಡಿಯುತ್ತದೆ. ಕಾರ್ಖಾನೆಗಳಲ್ಲಂತೂ ಸ್ಕ್ರೂ ಬಿಗಿಯುವುದು, ಬಣ್ಣ ಹೊಡೆಯುವುದು, ಬಾಟಲಿ ಊದುವುದು, ಔಷಧದ ಮಾತ್ರೆ ತುಂಬುವುದು, ಎಲ್ಲಕ್ಕೂ ಗಾಳಿ ಬೇಕು. ಕರೆಂಟು, ನೀರು ಬಿಟ್ಟರೆ ಕಾರ್ಖಾನೆಗೆ ಬೇಕಾದ ಮೂರನೆಯ ವಸ್ತು ಒತ್ತಿದ ಗಾಳಿ.

ಈ ಗಾಳಿಯ ದೊಡ್ಡ ವೈರಿ ಅದರ ಹೊಟ್ಟೆಯೊಳಗೇ ಇರುವ ನೀರು. ನಾನು ಈ ಕೆಲಸಕ್ಕೆ ಸೇರಿದಾಗ ನಮ್ಮ ಓಣಿಯ ಅಜ್ಜಿಯೊಬ್ಬರು, "ಗಾಳ್ಯಾಗ ನೀರು ಎಲ್ಲಿಂದ ಬಂತೋ ತಮ್ಮಾ? ಅದನ್ನ ತೆಗಿಲಿಕ್ಕೆ ನಿನಗ ಪಗಾರ ಬ್ಯಾರೆ ಕೊಡ್ತಾರ?" ಎಂದು ಕೇಳಿದ್ದರು. ಪ್ರಶ್ನೆ ಸರಿಯಾದದ್ದೇ. ಉತ್ತರಕ್ಕಾಗಿ ನಮ್ಮ ಕಡಲೆ ಹೊಲಕ್ಕೇ ಹೋಗೋಣ.

ಹಿಂಗಾರಿ ಹಂಗಾಮಿನಲ್ಲಿ ಎರೆ ಹೊಲದ ಕಡಲೆ ಗಿಡಗಳ ಮೇಲೆ ರಾತ್ರಿ ತೆಳುವಾದ ಬಿಳಿ ಅರಿವೆ ಹಾಸಿ, ನಸುಕಿನಲ್ಲಿ ಅದನ್ನು ಹಿಂಡಿ ಹುಳಿ ತೆಗೆಯುವುದನ್ನು ಹಿರಿಯರು ಬಲ್ಲಿರಿ. ಹುಳಿ ಗಿಡದ್ದು. ಅರಿವೆಯನ್ನು ತೋಯಿಸಿದ ನೀರು ಎಲ್ಲಿಯದು? ರಾತ್ರಿ ಮಳೆ ಬಂದಿರಲಿಲ್ಲ, ಯಾರೂ ನೀರು ಚಿಮುಕಿಸಿರಲಿಲ್ಲ. ಅದು ಗಾಳಿಯಲ್ಲಿ ಕಣ್ಣಿಗೆ ಕಾಣದಂತೆ ಆವಿಯಾಗಿದ್ದ ನೀರು. ರಾತ್ರಿ ನೆಲ, ಎಲೆ, ಅರಿವೆ ತಣ್ಣಗಾದಾಗ ಅವುಗಳನ್ನು ತಾಗಿದ ಗಾಳಿಯೂ ತಣ್ಣಗಾಯಿತು. ತಣ್ಣನೆಯ ಗಾಳಿ ಹೆಚ್ಚು ಆವಿಯನ್ನು ಹಿಡಿದಿಟ್ಟುಕೊಳ್ಳಲಾರದು. ಹೆಚ್ಚಾದದ್ದನ್ನು ಹನಿಯಾಗಿ ಇಳಿಸಿಬಿಟ್ಟಿತು. ಯಾವ ಉಷ್ಣತೆಯಲ್ಲಿ ಹೀಗೆ ಹನಿ ಮೂಡಲು ಶುರುವಾಗುತ್ತದೆಯೋ ಅದಕ್ಕೆ ಇಬ್ಬನಿ ಬಿಂದು ಎನ್ನುತ್ತಾರೆ. ನನ್ನ ಇಡೀ ಕಸುಬು ಈ ಒಂದು ಮಾತಿನ ಮೇಲೆ ನಿಂತಿದೆ.

ಮಕ್ಕಳೆ, ಈಗ ಒಂದು ಲೆಕ್ಕ ಮಾಡೋಣ. ಅಂಕಿಗಳನ್ನು ಸುಲಭವಾಗಲೆಂದು ದುಂಡಾಗಿ ಹೇಳುತ್ತೇನೆ. ಶ್ರಾವಣದ ಒಂದು ದಿನ ಉಷ್ಣತೆ 25 ಡಿಗ್ರಿ, ಸಾಪೇಕ್ಷ ಆರ್ದ್ರತೆ 80 ಶೇಕಡಾ ಇದೆ ಎನ್ನಿ. ಆಗ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 18 ಗ್ರಾಂ ನೀರು ಆವಿಯಾಗಿ ಇರುತ್ತದೆ. ಕಾರ್ಖಾನೆಯ ಕಂಪ್ರೆಸರ್ ಸಾಮಾನ್ಯವಾಗಿ ಎಂಟು ಘನ ಮೀಟರ್ ಗಾಳಿಯನ್ನು ಒಂದು ಘನ ಮೀಟರಿನೊಳಗೆ ಒತ್ತುತ್ತದೆ. ಮೀಟರಿನ ಮುಳ್ಳು ಆಗ 7 ಬಾರ್ ತೋರಿಸುತ್ತದೆ. ಗಾಳಿಯ ಜೊತೆ ಎಂಟೂ ಪಾಲಿನ ನೀರು ಒಳಗೆ ಬಂತು. 8 ಗುಣಿಸು 18, ಅಂದರೆ 144 ಗ್ರಾಂ.

ಇದನ್ನು ಎಂಟು ಬಸ್ಸಿನ ಜನರನ್ನು ಒಂದೇ ಬಸ್ಸಿಗೆ ಹತ್ತಿಸಿದಂತೆ ಎಂದು ತಿಳಿಯಿರಿ. ಸೀಟುಗಳು ಮಾತ್ರ ಒಂದು ಬಸ್ಸಿನವೇ. ಎಷ್ಟು ಸೀಟು ಎಂಬುದನ್ನು ಉಷ್ಣತೆ ಹೇಳುತ್ತದೆ. ಗಾಳಿಯನ್ನು ಒತ್ತುವಾಗ ಅದು ಬಹಳ ಬಿಸಿಯಾಗುತ್ತದೆ. ಸೈಕಲ್ ಪಂಪಿನ ಬುಡ ಮುಟ್ಟಿ ನೋಡಿದವರಿಗೆ ಇದು ಗೊತ್ತು. ಆ ಬಿಸಿಯಲ್ಲಿ ಸೀಟುಗಳು ಸಾಕಷ್ಟು ಇರುತ್ತವೆ, ಎಲ್ಲ ಆವಿಯೂ ಕುಳಿತುಕೊಳ್ಳುತ್ತದೆ. ಮುಂದೆ ಗಾಳಿಯನ್ನು 35 ಡಿಗ್ರಿಗೆ ಆರಿಸಿದಾಗ ಒಂದು ಘನ ಮೀಟರಿಗೆ ಉಳಿಯುವುದು 40 ಗ್ರಾಂ ಸೀಟು ಮಾತ್ರ. 104 ಗ್ರಾಂ ನೀರಾಗಿ ಕೆಳಗಿಳಿಯುತ್ತದೆ. ಇನ್ನೂ ತಣ್ಣಗೆ, 3 ಡಿಗ್ರಿಗೆ ಇಳಿಸಿದರೆ ಸೀಟು ಬರೀ 6 ಗ್ರಾಂ. ಮತ್ತೆ 34 ಗ್ರಾಂ ಇಳಿಯಬೇಕು.

ಗ್ರಾಂ ಲೆಕ್ಕ ಸಣ್ಣದೆನಿಸಬಹುದು. 30 ಕಿಲೋವ್ಯಾಟಿನ, ಅಂದರೆ 40 ಎಚ್.ಪಿ.ಯ ಒಂದು ಮಧ್ಯಮ ಕಂಪ್ರೆಸರ್ ತಾಸಿಗೆ ಸುಮಾರು 300 ಘನ ಮೀಟರ್ ಗಾಳಿ ಎಳೆದುಕೊಳ್ಳುತ್ತದೆ. ಹಗಲು ರಾತ್ರಿ ನಡೆದರೆ ದಿನಕ್ಕೆ ಅದರ ಹೊಟ್ಟೆಗೆ ಹೋಗುವ ನೀರು ಸುಮಾರು 130 ಲೀಟರ್. ಹದಿನೈದು ಲೀಟರಿನ ಕೊಡ ಹಿಡಿದರೆ, ಎಂಟು ಕೊಡ ತುಂಬಿ ಮೇಲೆ ಒಂದಿಷ್ಟು ಉಳಿಯುತ್ತದೆ. ಇದರಲ್ಲಿ ಆರು ಕೊಡ ನೀರು ಕಂಪ್ರೆಸರಿನ ಹಿಂದೆಯೇ ಇರುವ ಕೂಲರಿನಲ್ಲಿ ಇಳಿಯುತ್ತದೆ. ಉಳಿದ ಎರಡು ಕೊಡದ್ದೇ ಕಥೆ. ಅದು 35 ಡಿಗ್ರಿಯ ಗಾಳಿಯಲ್ಲಿ ಆವಿಯಾಗಿ ಅಡಗಿ ಕುಳಿತಿರುತ್ತದೆ. ನಾವು ಸುಮ್ಮನೆ ಬಿಟ್ಟರೆ ಮುಂದೆ ಪೈಪು ಎಲ್ಲಿ ತಣ್ಣಗಿದೆಯೋ ಅಲ್ಲಿ ಇಳಿಯುತ್ತದೆ. ಇಳಿದ ಕಡೆ ಪೈಪಿಗೆ ತುಕ್ಕು, ಸಿಲಿಂಡರಿಗೆ ಜಿಗುಟು, ಬಣ್ಣಕ್ಕೆ ಗುಳ್ಳೆ, ನೂಲಿಗೆ ಕಲೆ.

ಈ ಎರಡು ಕೊಡ ನೀರನ್ನು ತೆಗೆಯುವ ಯಂತ್ರವೇ ರೆಫ್ರಿಜರೇಟೆಡ್ ಡ್ರೈಯರ್. ಹೆಸರು ದೊಡ್ಡದು, ಒಳಗಿರುವುದು ನಿಮ್ಮ ಮನೆಯ ಫ್ರಿಜ್ಜಿನ ತಮ್ಮನೇ. ಬಿಸಿ ತೇವದ ಗಾಳಿ ಮೊದಲು ಒಂದು ಜೋಡಿ ಕೊಳವೆಯ ಮನೆಗೆ ಬರುತ್ತದೆ. ಒಂದು ಕೊಳವೆಯಲ್ಲಿ ಒಳಬರುವ ಬಿಸಿ ಗಾಳಿ, ಪಕ್ಕದಲ್ಲೇ ಕೆಲಸ ಮುಗಿಸಿ ಹೊರಹೋಗುವ ತಣ್ಣನೆಯ ಒಣ ಗಾಳಿ. ಎರಡೂ ಕಲೆಯುವುದಿಲ್ಲ, ಗೋಡೆಯ ಮೂಲಕ ಬಿಸಿಯನ್ನಷ್ಟೇ ಕೊಟ್ಟು ತೆಗೆದುಕೊಳ್ಳುತ್ತವೆ. ಒಳಬರುವ ಗಾಳಿ ಪುಕ್ಕಟೆಯಾಗಿ ಅರ್ಧ ತಣ್ಣಗಾಯಿತು. ಆಮೇಲೆ ಅದು ಫ್ರಿಜ್ಜಿನ ಅನಿಲ ಹರಿಯುವ ತಂಪು ಸುರುಳಿಯ ಬಳಿಗೆ ಹೋಗಿ ಸುಮಾರು 3 ಡಿಗ್ರಿಗೆ ಇಳಿಯುತ್ತದೆ. ನೀರು ಹನಿಗಟ್ಟುತ್ತದೆ. ಆ ಹನಿಗಳನ್ನು ಗಾಳಿಯಿಂದ ಬೇರೆ ಮಾಡುವ ಒಂದು ಪಾತ್ರೆ ಇದೆ, ಅದರ ಬುಡದಲ್ಲಿ ತಾನೇ ತೆರೆದು ಮುಚ್ಚುವ ಒಂದು ಡ್ರೇನ್ ವಾಲ್ವ್ ಇದೆ. ನೀರು ಅಲ್ಲಿಂದ ಹೊರಗೆ. ಒಣಗಿದ ಗಾಳಿ ಮತ್ತೆ ಮೊದಲಿನ ಜೋಡಿ ಕೊಳವೆಗೆ ಬಂದು, ಒಳಬರುವ ಗಾಳಿಯ ಬಿಸಿಯಲ್ಲಿ ಬೆಚ್ಚಗಾಗಿ ಕಾರ್ಖಾನೆಗೆ ಹೋಗುತ್ತದೆ. ಬೆಚ್ಚಗೆ ಮಾಡುವುದು ಏಕೆ ಎಂದರೆ, ತಣ್ಣಗೇ ಕಳಿಸಿದರೆ ಪೈಪಿನ ಹೊರಮೈ ಬೆವರಿ ಕೆಳಗಿದ್ದವರ ಮೇಲೆ ಹನಿಸುತ್ತದೆ.

3 ಡಿಗ್ರಿಗೇ ಏಕೆ ನಿಲ್ಲಿಸಬೇಕು, ಇನ್ನೂ ಇಳಿಸಬಾರದೇ ಎಂದು ಒಬ್ಬ ಹುಡುಗ ಕೇಳಲೇಬೇಕು. ಸೊನ್ನೆಗೆ ಇಳಿದರೆ ನೀರು ಮಂಜುಗಡ್ಡೆಯಾಗಿ ದಾರಿಯನ್ನೇ ಕಟ್ಟುತ್ತದೆ. ಹಾಗಾಗದಂತೆ ತಡೆಯಲು, ಹೊರೆ ಕಡಿಮೆಯಾದಾಗ ಬಿಸಿ ಅನಿಲವನ್ನು ಸ್ವಲ್ಪ ಒಳಬಿಡುವ ಒಂದು ವಾಲ್ವ್ ಕೂಡ ಈ ಯಂತ್ರದಲ್ಲಿ ಇರುತ್ತದೆ. ನಮ್ಮ ನಾಡಿನಲ್ಲಿ ಪೈಪು 3 ಡಿಗ್ರಿಗಿಂತ ತಣ್ಣಗಾಗುವ ದಿನ ಬರುವುದಿಲ್ಲ. ಆದ್ದರಿಂದ ಗಾಳಿಯಲ್ಲಿ ಉಳಿದ 6 ಗ್ರಾಂ ಆವಿ ಆವಿಯಾಗಿಯೇ ಇರುತ್ತದೆ, ಯಾರಿಗೂ ಕೇಡು ಮಾಡುವುದಿಲ್ಲ.

ಇನ್ನೂ ಒಣಗಿದ ಗಾಳಿ ಬೇಕಾದ ಕೆಲಸಗಳಿವೆ. ಅಲ್ಲಿ ನೀರನ್ನು ಹೀರಿಕೊಳ್ಳುವ ಕಾಳುಗಳನ್ನು ತುಂಬಿದ ಡ್ರೈಯರ್ ಬಳಸುತ್ತಾರೆ. ಹೊಸ ಬೂಟಿನ ಡಬ್ಬಿಯಲ್ಲಿ ಸಣ್ಣ ಪುಡಿಕೆ ಇರುತ್ತದಲ್ಲ, ಅದೇ ಜಾತಿ. ರೈಲು ಎಂಜಿನ್ನಿನಲ್ಲಿ ಇಂಥ ಎರಡು ಗೋಪುರಗಳಿರುತ್ತವೆ. ಒಂದು ಗಾಳಿಯನ್ನು ಒಣಗಿಸುವಾಗ ಇನ್ನೊಂದು ತನ್ನ ನೀರನ್ನು ಕೊಡವಿಕೊಳ್ಳುತ್ತದೆ. ಹೊಸ ಬಸ್ಸುಗಳ ಅಡಿಯಲ್ಲೂ ಇಂಥ ಡಬ್ಬಿ ಇದೆ. ಆಗಾಗ ಕೆಳಗಿನಿಂದ ಬರುವ 'ಫುಸ್ಸ್' ಎಂಬ ಸದ್ದಿನಲ್ಲಿ ಒಂದು ಈ ಡಬ್ಬಿ ನೀರು ಕೊಡವಿಕೊಳ್ಳುವ ಸದ್ದು. ಕಾಳಿನ ಡ್ರೈಯರ್ ತನ್ನನ್ನು ಒಣಗಿಸಿಕೊಳ್ಳಲು ಒಣಗಿಸಿದ ಗಾಳಿಯಲ್ಲೇ ಒಂದು ಪಾಲನ್ನು ತಿನ್ನುತ್ತದೆ, ಕೆಲವು ಬಗೆಗಳಲ್ಲಿ ನೂರಕ್ಕೆ ಹದಿನೈದರಷ್ಟು. ಒತ್ತಿದ ಗಾಳಿ ಬಹಳ ತುಟ್ಟಿ. ಆದ್ದರಿಂದ ಎಷ್ಟು ಬೇಕೋ ಅಷ್ಟೇ ಒಣಗಿಸುವುದು ಜಾಣತನ. ಹೆಚ್ಚಿನ ಕಾರ್ಖಾನೆಗಳಿಗೆ ತಂಪು ಡ್ರೈಯರ್ ಸಾಕು.

ತಂಪಿನಿಂದ ತೇವ ತೆಗೆಯುವ ಈ ವಿದ್ಯೆ ಹುಟ್ಟಿದ್ದು ಒಂದು ಮುದ್ರಣಾಲಯದ ತೊಂದರೆಯಿಂದ. ಮುದ್ರಣಕ್ಕೆ ಹೆಸರಾದ ಗದಗಿನವರಿಗೆ ಇದು ಚೆನ್ನಾಗಿ ತಿಳಿಯುತ್ತದೆ. ಹವೆಯಲ್ಲಿ ತೇವ ಹೆಚ್ಚಾದರೆ ಕಾಗದ ಹಿಗ್ಗುತ್ತದೆ, ಒಂದು ಬಣ್ಣದ ಮೇಲೆ ಇನ್ನೊಂದು ಬಣ್ಣ ಸರಿಯಾಗಿ ಕೂಡುವುದಿಲ್ಲ. ಅಮೆರಿಕದ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದ ಈ ತೊಂದರೆ ನೀಗಿಸಲು 1902ರಲ್ಲಿ ವಿಲಿಸ್ ಕ್ಯಾರಿಯರ್ ಎಂಬ ತರುಣ ಎಂಜಿನಿಯರ್ ಗಾಳಿಯನ್ನು ತಣ್ಣನೆಯ ಸುರುಳಿಗಳ ಮೇಲೆ ಹಾಯಿಸಿ ನೀರು ಇಳಿಸುವ ಯೋಜನೆ ಮಾಡಿದ. ಇಂದಿನ ಏರ್ ಕಂಡೀಶನರಿನ ಮೂಲ ಅದು. ಜನರನ್ನು ತಂಪಾಗಿಡುವುದು ಆಮೇಲೆ ಬಂದ ಲಾಭ, ಮೊದಲ ಕೆಲಸ ತೇವವನ್ನು ಹದದಲ್ಲಿ ಇಡುವುದಾಗಿತ್ತು.

ಹದ ಎಂದೆ. ಆ ಮಾತು ನಮ್ಮ ಹತ್ತಿಯವರಿಗೆ ಹೇಳಿಕೊಡಬೇಕಾಗಿಲ್ಲ. ಪಕ್ಕದ ಹುಲಕೋಟಿಯಲ್ಲಿ ಸಹಕಾರಿ ನೂಲಿನ ಗಿರಣಿ ಎದ್ದದ್ದು ಈ ಸೀಮೆಯ ಹತ್ತಿಯಿಂದ. ನೂಲಿನ ಗಿರಣಿಗಳಲ್ಲಿ ಒಂದು ಸೋಜಿಗ ಇದೆ. ನೂಲುವ ಕೋಣೆಯ ಗಾಳಿಗೆ ಬೇಕೆಂದೇ ನೀರು ಸಿಂಪಡಿಸಿ ಆರ್ದ್ರತೆಯನ್ನು 55–60 ಶೇಕಡಾದ ಆಸುಪಾಸಿನಲ್ಲಿ ಇಡುತ್ತಾರೆ. ಗಾಳಿ ಒಣಗಿದರೆ ಎಳೆ ಹರಿಯುತ್ತದೆ. ಅದೇ ಕೋಣೆಯಲ್ಲಿ ಹರಿದ ಎಳೆಯನ್ನು ಗಂಟಿಲ್ಲದೆ ಕೂಡಿಸುವ ಯಂತ್ರಕ್ಕೆ ಪೈಪಿನಲ್ಲಿ ಬರುವ ಗಾಳಿ ಮಾತ್ರ ಒಣಗಿರಬೇಕು. ಹೊರಗೆ ತೇವ ಬೇಕು, ಒಳಗೆ ತೇವ ಬೇಡ. ಅಲ್ಲಿ ಡ್ರೈಯರಿಗೆ ಇನ್ನೊಂದು ಕಾಟ: ಹಾರುವ ಹತ್ತಿಯ ಎಳೆ ಅದರ ಹೊರಗಿನ ಜಾಲರಿಗೆ ಮೆತ್ತಿಕೊಂಡು ಉಸಿರು ಕಟ್ಟಿಸುತ್ತದೆ. ವಾರಕ್ಕೊಮ್ಮೆ ಜಾಲರಿ ಊದಿ ಸ್ವಚ್ಛ ಮಾಡದಿದ್ದರೆ ಎಂಥ ಕಂಪನಿಯ ಯಂತ್ರವೂ ಕೈಕೊಡುತ್ತದೆ.

ನಮ್ಮ ಬ್ಯಾಸಗಿಯ ಬಗ್ಗೆಯೂ ಒಂದು ಮಾತು. ಏಪ್ರಿಲ್ ತಿಂಗಳ ಒಣ ಬಿಸಿಲಿನಲ್ಲಿ ಗಾಳಿಯಲ್ಲಿ ನೀರು ಎಲ್ಲಿಯದು ಎಂದು ಎಲ್ಲರೂ ತಿಳಿಯುತ್ತಾರೆ. 38 ಡಿಗ್ರಿ ಬಿಸಿಲು, 25 ಶೇಕಡಾ ಆರ್ದ್ರತೆ ಇದ್ದಾಗಲೂ ಒಂದು ಘನ ಮೀಟರಿನಲ್ಲಿ 11 ಗ್ರಾಂಗಿಂತ ಹೆಚ್ಚು ನೀರಿರುತ್ತದೆ. ಎಂಟು ಪಾಲು ಒತ್ತಿದರೆ 90 ಗ್ರಾಂ. ಅದರ ಮೇಲೆ, ಆ ಬಿಸಿಲಿನಲ್ಲಿ ಕೂಲರ್ ಗಾಳಿಯನ್ನು 35ಕ್ಕೆ ಇಳಿಸಲಾರದು, 45ಕ್ಕೇ ಕೈಚೆಲ್ಲುತ್ತದೆ. ಆಗ ಘನ ಮೀಟರಿಗೆ 65 ಗ್ರಾಂ ಆವಿ ಡ್ರೈಯರಿನ ತಲೆಯ ಮೇಲೆ ಬೀಳುತ್ತದೆ, ಮಳೆಗಾಲದ 40ರ ಬದಲು. ಯಂತ್ರದ ಪಟ್ಟಿಯಲ್ಲಿ ಬರೆದ ಸಾಮರ್ಥ್ಯ ಸಾಮಾನ್ಯವಾಗಿ 35 ಡಿಗ್ರಿಯ ಗಾಳಿಗೆ, 25 ಡಿಗ್ರಿಯ ಕೋಣೆಗೆ ಹೇಳಿದ್ದು. ಧಾರವಾಡ, ಗದಗ, ಕೊಪ್ಪಳದ ತಗಡಿನ ಶೆಡ್ಡಿಗೆ ಕೊಳ್ಳುವವರು ಇದನ್ನು ಕೇಳಿಯೇ ಕೊಳ್ಳಬೇಕು. ಸಣ್ಣ ಉದ್ದಿಮೆ ಹಾಕಿಕೊಂಡ ನಮ್ಮ ಹಳೆಯ ವಿದ್ಯಾರ್ಥಿಗಳು ಇದೊಂದನ್ನು ನೆನಪಿಟ್ಟರೆ ಸಾಕು.

ಈಗ ನಾನು ಕಣ್ಣಾರೆ ಕಂಡ ಒಂದು ಸಂಗತಿ. ಕಾರ್ಖಾನೆಯ ಹೆಸರು ಬೇಡ. ಶ್ರಾವಣದ ದಿನಗಳು. ಅಲ್ಲಿ ಬಣ್ಣದ ವಿಭಾಗದಲ್ಲಿ ಬೆಳಗಿನ ಪಾಳಿಯ ಮೊದಲ ತಾಸಿನಲ್ಲಿ ಹೊಡೆದ ಬಣ್ಣದಲ್ಲೆಲ್ಲ ಸೂಜಿ ಚುಚ್ಚಿದಂಥ ತೂತುಗಳು. ಹತ್ತು ಗಂಟೆಯ ಮೇಲೆ ಎಲ್ಲ ಸರಿ. ಮೇಲಿನವರು, ಬೆಳಗಿನ ಪಾಳಿಯ ಬಣ್ಣಗಾರನ ಕೈ ಸರಿಯಿಲ್ಲ ಎಂದು ತೀರ್ಮಾನ ಮಾಡಿದರು. ಅವನು ಗುತ್ತಿಗೆಯ ಕೆಲಸಗಾರ. ಬರುವ ಸೋಮವಾರದಿಂದ ಬರಬೇಡ ಎನ್ನುವ ಮಾತು ನಡೆದಿತ್ತು. ಮನೆಯಲ್ಲಿ ಮೂರು ಮಕ್ಕಳು.

ಕಂಪ್ರೆಸರ್ ಮನೆಯಲ್ಲಿ ಐಟಿಐ ಮುಗಿಸಿ ಬಂದ ಒಬ್ಬ ಹಳ್ಳಿಯ ಹುಡುಗ ಇದ್ದ. ಅವನು ನಾಲ್ಕು ದಿನದಿಂದ ಲಾಗ್ ಪುಸ್ತಕದಲ್ಲಿ ಒಂದೇ ಸಾಲು ಬರೆಯುತ್ತಿದ್ದ: 'ಡ್ರೈಯರ್ ಡ್ರೇನಿನಿಂದ ನೀರು ಬರುತ್ತಿಲ್ಲ.' ಓದಿದವರು, ನೀರು ಬರದಿದ್ದರೆ ಒಳ್ಳೆಯದೇ ಆಯಿತಲ್ಲ, ಗಾಳಿ ಒಣಗಿದೆ ಎಂದುಕೊಂಡರು. ಡ್ರೈಯರಿನ ದೀಪ ಉರಿಯುತ್ತಿತ್ತು, ಫ್ಯಾನು ತಿರುಗುತ್ತಿತ್ತು. ಆದರೆ ಆ ಹುಡುಗನ ತರ್ಕ ಬೇರೆ. ಹೊರಗೆ ಜಿಟಿಜಿಟಿ ಮಳೆ. ಈ ಗಾಳಿಯಿಂದ ದಿನಕ್ಕೆ ಎರಡು ಕೊಡ ನೀರು ಇಲ್ಲಿ ಬೀಳಲೇಬೇಕು. ಇಲ್ಲಿ ಬೀಳದಿದ್ದರೆ ಮುಂದೆ ಎಲ್ಲೋ ಬೀಳುತ್ತಿದೆ. ಅವನು ಒಂದು ಬೆಳಿಗ್ಗೆ ಆರಕ್ಕೆ ಬಣ್ಣದ ವಿಭಾಗಕ್ಕೆ ಹೋಗಿ, ಪೈಪಿನ ಬಾಯಿಗೆ ಒಂದು ಒಣ ಬಿಳಿ ಅರಿವೆ ಹಿಡಿದು ಗಾಳಿ ಬಿಟ್ಟ. ಅರಿವೆ ತೊಯ್ದಿತು. ಹತ್ತು ಗಂಟೆಗೆ ಮತ್ತೆ ಹಿಡಿದ. ಒಣಗಿತ್ತು.

ಕಾರಣ ಸರಳ. ಡ್ರೈಯರಿನ ಅನಿಲ ಸೋರಿಹೋಗಿ ತಂಪು ನಿಂತಿತ್ತು. ಬಣ್ಣದ ವಿಭಾಗಕ್ಕೆ ಹೋಗುವ ಪೈಪು ಅಂಗಳದ ಬಯಲಿನಲ್ಲಿ ಹಾಯುತ್ತಿತ್ತು. ರಾತ್ರಿ ಪಾಳಿ ಇಲ್ಲದ್ದರಿಂದ ನಿಂತ ಗಾಳಿ ಪೈಪಿನಲ್ಲೇ 20 ಡಿಗ್ರಿಗೆ ಆರುತ್ತಿತ್ತು. ಆಗ 40 ಸೀಟುಗಳ ಬದಲು 17. ಉಳಿದ 23 ಗ್ರಾಂ ನೀರು ಪೈಪಿನ ತಳದಲ್ಲಿ ನಿಂತು, ಬೆಳಗಿನ ಮೊದಲ ಗಾಳಿಗೆ ಹಾರಿ ಬಣ್ಣಕ್ಕೆ ಬೀಳುತ್ತಿತ್ತು. ಸೋರಿಕೆ ಬೆಸೆದು ಅನಿಲ ತುಂಬಿದ ಮೇಲೆ ಡ್ರೇನಿನಲ್ಲಿ ನೀರು ಶುರುವಾಯಿತು, ಬಣ್ಣದ ತೂತು ನಿಂತವು. ಬಣ್ಣಗಾರನ ಕೆಲಸ ಉಳಿಯಿತು. ಒಂದು ಬಿಳಿ ಅರಿವೆ ಒಂದು ಮನೆಯ ಒಲೆ ಉರಿಸಿತು.

ಇವತ್ತು ನಾನು ಹೇಳಬೇಕೆಂದು ಬಂದ ಮಾತು ಇದೇ. ಗಾಳಿಯ ನೀರು ಎಲ್ಲಿಯಾದರೂ ಇಳಿದೇ ಇಳಿಯುತ್ತದೆ. ಎಲ್ಲಿ ಇಳಿಯಬೇಕೆಂದು ನಾವು ಗೊತ್ತುಮಾಡಿದರೆ ಅದು ಡ್ರೇನಿನಲ್ಲಿ ತೊಟ್ಟಿಕ್ಕುತ್ತದೆ. ನಾವು ಗೊತ್ತುಮಾಡದಿದ್ದರೆ ತಾನೇ ಜಾಗ ಆರಿಸಿಕೊಳ್ಳುತ್ತದೆ, ಆ ಜಾಗದಲ್ಲಿ ದುಡಿಯುವ ಬಡವನ ಮೇಲೆ ತಪ್ಪು ಬರುತ್ತದೆ. ಕಂಪ್ರೆಸರ್ ಮನೆಯ ಕೆಲಸವನ್ನು ಕಾರ್ಖಾನೆಯಲ್ಲಿ ಕೊನೆಯ ದರ್ಜೆಯ ಕೆಲಸ ಎಂದು ನೋಡುತ್ತಾರೆ. ಸದ್ದು, ಬಿಸಿ, ಎಣ್ಣೆ. ಆದರೆ ಡ್ರೇನಿನ ಹನಿಯನ್ನು ದಿನಾ ನೋಡಿ ಬರೆಯುವವನಷ್ಟು ದೊಡ್ಡ ಕಾವಲುಗಾರ ಇನ್ನೊಬ್ಬನಿಲ್ಲ. ನೀವು ಮುಂದೆ ಮೇಲಧಿಕಾರಿಗಳಾದರೆ, ಕೆಳಗಿನವನು ಲಾಗ್ ಪುಸ್ತಕದಲ್ಲಿ ಬರೆದದ್ದನ್ನು ಓದಿರಿ. ನೀವೇ ಬರೆಯುವವರಾದರೆ, ಯಾರೂ ಓದಲಿಲ್ಲವೆಂದು ಬರೆಯುವುದನ್ನು ಬಿಡಬೇಡಿರಿ.

ಊರಿನವರಿಗೆ ಎರಡು ಸಣ್ಣ ಸೂಚನೆ. ಪಂಕ್ಚರ್ ಅಂಗಡಿ, ಗ್ಯಾರೇಜು ಇಟ್ಟುಕೊಂಡವರು ಗಾಳಿ ಟ್ಯಾಂಕಿನ ಬುಡದ ನಲ್ಲಿಯನ್ನು ದಿನಾ ತೆರೆದು ನೀರು ಬಿಡಿರಿ. ಒಳಗೆ ನಿಂತ ನೀರು ಟ್ಯಾಂಕಿನ ತಳವನ್ನು ತಿನ್ನುತ್ತದೆ; ತಳ ತೆಳುವಾದ ಟ್ಯಾಂಕು ಒಡೆದರೆ ಜೀವಕ್ಕೇ ಅಪಾಯ. ಆ ನೀರಿನಲ್ಲಿ ಕಂಪ್ರೆಸರಿನ ಎಣ್ಣೆ ಬೆರೆತಿರುತ್ತದೆ. ಅದನ್ನು ಗಟಾರಕ್ಕೆ, ಹೊಲಕ್ಕೆ, ಹಳ್ಳಕ್ಕೆ ಚೆಲ್ಲಬೇಡಿರಿ. ಡಬ್ಬಿಯಲ್ಲಿ ಹಿಡಿದಿಟ್ಟು, ಎಣ್ಣೆ ಬೇರೆ ಮಾಡಿ, ಹಳೆಯ ಎಂಜಿನ್ ಎಣ್ಣೆ ಕೊಳ್ಳುವವರಿಗೆ ಕೊಡಿರಿ.

ಕೊನೆಗೆ ಶಾಲೆಗೆ ಒಂದು ವಿನಂತಿ. ನಮ್ಮ ಬ್ಯಾಚಿನವರು ಸೇರಿ ವಿಜ್ಞಾನ ಪ್ರಯೋಗಾಲಯಕ್ಕೆ ಒಣ ಮತ್ತು ಒದ್ದೆ ಬುರುಡೆಯ ಉಷ್ಣತಾಮಾಪಕದ ಒಂದು ಜೋಡಿ ಕೊಡುತ್ತೇವೆ. ಎಂಟನೆಯ ತರಗತಿಯ ಮಕ್ಕಳು ದಿನಾ ಪ್ರಾರ್ಥನೆಯ ಮೊದಲು ಅದನ್ನು ಓದಿ, ಕೋಷ್ಟಕ ನೋಡಿ, ಆ ದಿನದ ಇಬ್ಬನಿ ಬಿಂದುವನ್ನು ಕರಿಹಲಗೆಯ ಮೂಲೆಯಲ್ಲಿ ಬರೆಯಲಿ. ಅದು ಬರುವ ತನಕ ಕಾಯಬೇಕಾಗಿಯೂ ಇಲ್ಲ. ಹೊಳೆಯುವ ಸ್ಟೀಲ್ ಲೋಟದಲ್ಲಿ ನೀರು ಹಾಕಿ, ಉಷ್ಣತಾಮಾಪಕ ಇಟ್ಟು, ಮಂಜುಗಡ್ಡೆಯ ಚೂರುಗಳನ್ನು ಒಂದೊಂದಾಗಿ ಬಿಟ್ಟು ಕಲಕಿರಿ. ಲೋಟದ ಹೊರಮೈ ಮಬ್ಬಾದ ಗಳಿಗೆಯ ಉಷ್ಣತೆಯೇ ಇಬ್ಬನಿ ಬಿಂದು. ನಾನು ಹೇಳಿದ ಶ್ರಾವಣದ ದಿನ ಅದು 21ರ ಹತ್ತಿರ ಇರುತ್ತದೆ, ಏಪ್ರಿಲ್ ಮಧ್ಯಾಹ್ನ 14–15ರ ಹತ್ತಿರ. ಒಂದು ವರ್ಷ ಬರೆದಿಟ್ಟರೆ ಅಣ್ಣಿಗೇರಿಯ ಗಾಳಿಯ ಲೆಕ್ಕ ಈ ಮಕ್ಕಳ ಕೈಯಲ್ಲೇ ಇರುತ್ತದೆ. ಅರಳೆ, ಕಡಲೆ, ಒಣಮೆಣಸಿನಕಾಯಿ ಯಾವಾಗ ಚೀಲಕ್ಕೆ ತುಂಬಬೇಕೆಂದು ಕೇಳುವ ಅಪ್ಪನಿಗೂ ಅದು ಉಪಯೋಗಕ್ಕೆ ಬರುತ್ತದೆ.

ಐವತ್ತು ವರ್ಷ ಈ ಶಾಲೆ ನಮ್ಮಂಥವರಿಗೆ ಅಕ್ಷರ ಕೊಟ್ಟಿತು, ಅದರ ಜೊತೆ ಏಕೆ, ಹೇಗೆ ಎಂದು ಕೇಳುವ ಧೈರ್ಯವನ್ನೂ ಕೊಟ್ಟಿತು. ಮುಂದಿನ ಐವತ್ತು ವರ್ಷದ ಮಕ್ಕಳಿಗೂ ಆ ಧೈರ್ಯ ಸಿಗಲಿ.